ಮನೆ ಮಾರಲು ಹೊರಟ ನಮ್ಮ ಎರಡು ವರ್ಷ

(ಸಂಘದ ಕುಟುಂಬ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮನೆ ಮಾರುವುದರ ಬಗ್ಗೆ ಮಾತಾಡಿ ಎಂದು ಸಮಿತಿಯವರು ಕರೆದಾಗ ನಗು ಬಂತು. ನಾವು ರಿಯಲ್ ಎಸ್ಟೇಟ್ ಏಜೆಂಟರಲ್ಲ, ಲೆಕ್ಕಪರಿಶೋಧಕರೂ ಅಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವರು. ಆದರೆ ಒಂದೇ ಮನೆಯನ್ನು ಒಮ್ಮೆ ಮಾರಲಾಗದೆ, ನಂತರ ಬಾಡಿಗೆಗೆ ಕೊಟ್ಟು, ಕೊನೆಗೆ ಮಾರಿದವರು ಎಂಬ ಅರ್ಹತೆ ನಮಗಿದೆ. ಯಶಸ್ಸಿನ ಕಥೆ ಹೇಳಲು ಬೇರೆಯವರು ಇದ್ದಾರೆ. ನಮ್ಮದು ಎಡವಿದವರ ಕಥೆ.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ 2014ರಲ್ಲಿ ನಾವು ಆ ಮನೆ ಕೊಂಡೆವು, 2,95,000 ಡಾಲರಿಗೆ. ಮಕ್ಕಳಿಬ್ಬರೂ ಸೈಕಲ್ ಕಲಿತದ್ದು ಅದೇ ರಸ್ತೆಯಲ್ಲಿ. 2023ರ ಜನವರಿಯಲ್ಲಿ ನಮ್ಮಲ್ಲೊಬ್ಬರ ಕೆಲಸ ಹೋಯಿತು. ಬೆಳಿಗ್ಗೆ ಒಂದು ಈಮೇಲ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಬಂದ್. ಹೊಸ ಕೆಲಸ ಸಿಕ್ಕಿದ್ದು ಇಲ್ಲಿ ಪ್ಲೇನೋದಲ್ಲಿ. ದಿನಾ ಐ-35 ರಸ್ತೆಯಲ್ಲಿ ಮೂರು ಗಂಟೆ ಹೋಗಿ ಮೂರು ಗಂಟೆ ಬರುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಸರಿ, ಮಾರೋಣ ಎಂದೆವು.

ಮೊದಲ ತಪ್ಪು ಬೆಲೆಯದು. ನಮ್ಮ ಬೀದಿಯಲ್ಲೇ, ನಮ್ಮ ಮನೆಯಂಥದೇ ಮನೆ 2022ರ ಏಪ್ರಿಲ್‌ನಲ್ಲಿ 6,20,000ಕ್ಕೆ ಹೋಗಿತ್ತು. ಆ ಅಂಕಿ ನಮ್ಮ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಏಳು ಕಾಲಮ್ಮಿನ ಎಕ್ಸೆಲ್ ಹಾಳೆ ಮಾಡಿದೆವು, ಗ್ರಾಫ್ ಎಳೆದೆವು, ಕೊನೆಗೆ 5,99,000 ಎಂದು 'ವೈಜ್ಞಾನಿಕವಾಗಿ' ನಿರ್ಧರಿಸಿದೆವು. ನಮ್ಮ ಏಜೆಂಟ್ ಮೆಲ್ಲಗೆ 'ಐದೂವರೆ' ಎಂದಿದ್ದರು. ಅವರಿಗೆ ಬೇಗ ಕಮಿಷನ್ ಬೇಕು, ಅದಕ್ಕೇ ಹೇಳುತ್ತಾರೆ ಎಂದು ಮನೆಗೆ ಬಂದು ನಾವಿಬ್ಬರೇ ಮಾತಾಡಿಕೊಂಡೆವು.

ಹಾಳೆಯಲ್ಲಿ ಇಲ್ಲದ ಕಾಲಮ್ಮು ಬಡ್ಡಿಯದು. 2021ರ ಆರಂಭದಲ್ಲಿ 30 ವರ್ಷದ ಸಾಲದ ಬಡ್ಡಿ ಶೇ. 3ಕ್ಕಿಂತ ಕಡಿಮೆ ಇತ್ತು. 2023ರ ಅಕ್ಟೋಬರ್ ಹೊತ್ತಿಗೆ ಫ್ರೆಡ್ಡಿ ಮ್ಯಾಕ್ ಸರಾಸರಿ ಶೇ. 7.79 ಮುಟ್ಟಿತು. ನಾಲ್ಕು ಲಕ್ಷ ಡಾಲರ್ ಸಾಲಕ್ಕೆ ಶೇ. 3ರಲ್ಲಿ ತಿಂಗಳ ಕಂತು 1,686, ಶೇ. 7ರಲ್ಲಿ 2,661. ಕೊಳ್ಳುವವನ ಸಂಬಳ ಅಷ್ಟರಲ್ಲಿ ಅಷ್ಟು ಏರಿರುತ್ತದೆಯೇ? ಅವನು ನೋಡುವುದು ತಿಂಗಳ ಕಂತನ್ನು, ನಮ್ಮ ಪಕ್ಕದ ಮನೆಯ ಹಳೆಯ ಬೆಲೆಯನ್ನಲ್ಲ. ಇತ್ತ ಶೇ. 3ರ ಸಾಲ ಇದ್ದವರು ಮನೆ ಬಿಟ್ಟು ಕದಲಲೂ ಇಲ್ಲ. ಆ ವರ್ಷ ಅಮೆರಿಕ ಇಡೀ ದೇಶದಲ್ಲಿ ಮಾರಾಟವಾದ ಹಳೆಯ ಮನೆಗಳು ಸುಮಾರು 40 ಲಕ್ಷ, 1995ರಿಂದ ಅಲ್ಲಿಯವರೆಗೆ ಅದೇ ಕಡಿಮೆ. ಇಂಥ ಹೊಳೆಗೆ ನಾವು ದೋಣಿ ಇಳಿಸಿದ್ದು.

ಇನ್ನು ಮನೆ ಸಿದ್ಧಮಾಡಿದ ಸಂಭ್ರಮ. ಒಂಬತ್ತು ವರ್ಷದಲ್ಲಿ ಕನ್ನಡದವರ ಮನೆಯಲ್ಲಿ ಏನೇನು ಸೇರುತ್ತದೆಂದು ನಿಮಗೆ ಗೊತ್ತು. ಪ್ರತಿ ಸಲ ಊರಿಂದ ತಂದ ಸ್ಟೀಲ್ ಡಬ್ಬಿ, ಮೂರು ವೆಟ್ ಗ್ರೈಂಡರು (ಎರಡು ಕೆಟ್ಟವು, ರಿಪೇರಿಯ ಆಸೆಯಲ್ಲಿ ಇಟ್ಟದ್ದು), ಹುಟ್ಟುಹಬ್ಬಕ್ಕೆ ಬಂದು ಬಿಚ್ಚದೇ ಉಳಿದ ಆಟಿಕೆ. ಅರ್ಧದಷ್ಟು ಸಾಮಾನನ್ನು ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಕೊಟ್ಟೆವು. ಕಪಾಟು ಅರ್ಧ ಖಾಲಿ ಇದ್ದರೆ ನೋಡುವವರಿಗೆ ಮನೆ ದೊಡ್ಡದಾಗಿ ಕಾಣುತ್ತದೆ, ಇದು ನಿಜ.

ನಮಗೆ ದೊಡ್ಡ ಸಮಸ್ಯೆ ವಾಸನೆ. ನಮ್ಮ ಮೂಗಿಗೆ ಅದು ಗೊತ್ತಾಗುವುದಿಲ್ಲ, ಅದೇ ತೊಂದರೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿರುವ ಮೈಕ್ರೋವೇವಿನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಜರಡಿ ಹಿಡಿದು ಮತ್ತೆ ಅಡಿಗೆಮನೆಗೇ ಬಿಡುತ್ತದೆ. ಒಂಬತ್ತು ವರ್ಷದ ಇಂಗು ಸಾಸಿವೆ ಒಗ್ಗರಣೆ ಕಾರ್ಪೆಟ್ಟಿನಲ್ಲಿ, ಪರದೆಯಲ್ಲಿ, ಕಪಾಟಿನ ಮೇಲಿನ ಜಿಡ್ಡಿನಲ್ಲಿ ಕೂತಿತ್ತು. ಮೇಣದಬತ್ತಿ, ಸ್ಪ್ರೇ ಹೊಡೆದು ಮುಚ್ಚಲು ಹೋಗಬೇಡಿ. ಬಂದವರು ಏನನ್ನೋ ಅಡಗಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಜಿಡ್ಡು ತೊಳೆಯಬೇಕು, ಪರದೆ ಬಿಚ್ಚಬೇಕು, ಕಾರ್ಪೆಟ್ ತೊಳೆಸಬೇಕು, ಎಸಿ ಫಿಲ್ಟರ್ ಬದಲಿಸಬೇಕು, ಕಲೆ ಮುಚ್ಚುವ ಪ್ರೈಮರ್ ಬಳಿದ ಮೇಲೆ ಬಣ್ಣ ಹೊಡೆಯಬೇಕು. ಪ್ರೈಮರ್ ಇಲ್ಲದೆ ಬಳಿದರೆ ಊದುಬತ್ತಿಯ ಮಸಿ ವಾರದಲ್ಲಿ ಮತ್ತೆ ಇಣುಕುತ್ತದೆ. ಅರಸೀಕೆರೆಯಿಂದ ಬಂದಿದ್ದ ಅಮ್ಮ ಇದನ್ನೆಲ್ಲ ನೋಡಿ, "ಬಾಡಿಗೆಗೆ ಕೊಡೋಕ್ಕೆ ಮುಂಚೆ ನಾವೂ ಸುಣ್ಣ ಹೊಡೆಸ್ತಿದ್ವಿ. ಅದಕ್ಕೆ ಇಷ್ಟು ಮೀಟಿಂಗ್ ಮಾಡ್ತಿರಲಿಲ್ಲ ಅಷ್ಟೆ" ಎಂದರು.

ದೇವರ ಮನೆಯ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಫೋಟೋ, ವಿಗ್ರಹ ಎಲ್ಲ ತೆಗೆದು ಅದನ್ನು ಸಾಮಾನ್ಯ ಕ್ಲಾಸೆಟ್ ಮಾಡಿ ಎಂದು ಏಜೆಂಟ್ ಹೇಳಿದರು. ಒಬ್ಬರು 'ಮಾರಾಟ ಅಂದರೆ ಮಾರಾಟ' ಎಂದೆವು, ಇನ್ನೊಬ್ಬರು 'ನಮ್ಮ ದೇವರನ್ನು ಮುಚ್ಚಿಟ್ಟು ಮಾರುವ ಮನೆ ಬೇಡವೇ ಬೇಡ' ಎಂದೆವು. ಯಾರು ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಬಗೆಹರಿಸಿದ್ದು ಅಮ್ಮ. ಬೆಳಗಿನ ಪೂಜೆ ಮುಗಿದ ಕೂಡಲೇ ವಿಗ್ರಹಗಳನ್ನು ಹಳೆಯ ರೇಷ್ಮೆ ರವಿಕೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡುವರು. ಶೋಯಿಂಗ್ ಎಂದು ಫೋನ್ ಬಂದರೆ ಅರ್ಧ ಗಂಟೆಯಲ್ಲಿ ಮನೆ ಖಾಲಿ ಮಾಡಬೇಕು. ಒಲೆ ಆರಿಸಿ, ಅರ್ಧ ಬೆಂದ ಸಾರು ಕಾರಿನ ಡಿಕ್ಕಿಗೆ, ಅಮ್ಮ ಮತ್ತು ದೇವರ ಡಬ್ಬಿ ಹಿಂದಿನ ಸೀಟಿಗೆ. ಲೈಬ್ರರಿಯ ಪಾರ್ಕಿಂಗ್‌ನಲ್ಲಿ ಕೂತು, "ಏನ್ರೋ ಇದು, ನಮ್ಮನೆ ನಾವೇ ಬಿಟ್ಟು ಬಂದು ಕೂತಿದೀವಿ!" ಎಂದು ಅಮ್ಮ ನಗುತ್ತಿದ್ದರು. ಮೊದಲ ಎರಡು ವಾರ ಒಂಬತ್ತು ಜನ ಬಂದರು. ಮೂರನೇ ವಾರ ಇಬ್ಬರು. ಆಮೇಲೆ ಫೋನೇ ಇಲ್ಲ.

ಜೂನ್‌ನಲ್ಲಿ ನಾವು ಪ್ಲೇನೋದ ಬಾಡಿಗೆ ಮನೆಗೆ ಬಂದೆವು. ಖಾಲಿ ಮನೆಯ ಖರ್ಚು ಕೇಳಿ: ಸಾಲದ ಕಂತು 1,200, ಆಸ್ತಿ ತೆರಿಗೆ 700, ವಿಮೆ 200, ಬಡಾವಣೆಯ ಸಂಘಕ್ಕೆ 40, ನೀರು ಕರೆಂಟು ಹುಲ್ಲು ಕತ್ತರಿಸುವುದಕ್ಕೆ 250. ತಿಂಗಳಿಗೆ ಸುಮಾರು 2,400 ಡಾಲರ್, ಯಾರೂ ವಾಸವಿಲ್ಲದ ಮನೆಗೆ. ಜುಲೈನಲ್ಲಿ 5,69,000ಕ್ಕೆ ಇಳಿಸಿದೆವು, ಆಗಸ್ಟ್‌ನಲ್ಲಿ 5,49,000. ಪೇಟೆ ಕೆಳಗಿಳಿಯುತ್ತಿತ್ತು, ನಾವು ಒಂದು ಮೆಟ್ಟಿಲು ಹಿಂದೆ ಅದರ ಬೆನ್ನು ಹತ್ತಿದ್ದೆವು. ಇಷ್ಟು ದಿನ ಲಿಸ್ಟಿಂಗಿನಲ್ಲಿ ಕೊಳೆಯುತ್ತಿರುವ ಮನೆಯಲ್ಲಿ ಏನೋ ಐಬು ಇದೆ ಎಂದು ಜನ ಭಾವಿಸುತ್ತಾರೆ ಎಂಬುದೂ ಆಗ ಗೊತ್ತಾಯಿತು.

ಸೆಪ್ಟೆಂಬರ್‌ನಲ್ಲಿ ಒಂದು ಆಫರ್ ಬಂತು, 5,25,000. ಅವಮಾನ ಎನಿಸಿತು. 5,45,000 ಎಂದೆವು, ಕದಲಲಿಲ್ಲ. ಅವರು ಹೋದರು. ತಿಂಗಳು ಮುಗಿಯುವುದರೊಳಗೆ ಆಲಿಕಲ್ಲು ಮಳೆ ಬಂದು ಚಾವಣಿ ಹಾಳಾಯಿತು! ವಿಮೆಯವರು ಕೊಟ್ಟರು, ಆದರೆ ನಮ್ಮ ಪಾಲಿನದು ಡಾಲರ್ 3,500.

ಇಲ್ಲಿ ಒಂದು ಮಾತು ಹೇಳಲೇಬೇಕು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್ಸಿನ ಎಷ್ಟೋ ಮನೆಗಳಂತೆ ನಮ್ಮದರಲ್ಲೂ ಪೈಪು ಒಡೆದು ಮೇಲಿನ ಕೋಣೆಯ ಗೋಡೆ ನೆನೆದಿತ್ತು. ರಿಪೇರಿ ಮಾಡಿಸಿದ್ದೆವು, ಕುರುಹೂ ಇರಲಿಲ್ಲ. ಮಾರುವವರು ತುಂಬಬೇಕಾದ ಡಿಸ್‌ಕ್ಲೋಷರ್ ನಮೂನೆಯಲ್ಲಿ ನೀರಿನ ಹಾನಿಯ ಪ್ರಶ್ನೆ ಇದೆ. "ಸರಿಮಾಡಿ ಬಣ್ಣ ಹೊಡೆದಾಗಿದೆ, ಯಾಕೆ ಬರೀತೀರಿ? ಇರೋ ಗಿರಾಕಿಯೂ ಓಡ್ತಾರೆ" ಎಂದು ಹಿತೈಷಿಯೊಬ್ಬರು ಹೇಳಿದರು. ಒಂದು ರಾತ್ರಿ ಪೂರ್ತಿ ಆ ಚೌಕದ ಮುಂದೆ ಕೂತಿದ್ದೆವು. ಕೈಯಲ್ಲಿ ಕೆಲಸ ಹೊಸದು, ಉಳಿತಾಯ ಕರಗುತ್ತಿತ್ತು. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಕೊನೆಗೆ ಟಿಕ್ ಹಾಕಿ, ಪ್ಲಂಬರನ ಬಿಲ್ಲು, ಫೋಟೋ ಲಗತ್ತಿಸಿದೆವು. 2025ರಲ್ಲಿ ಮನೆ ಕೊಂಡವರು ಆ ಬಿಲ್ಲನ್ನೇ ಕೈಯಲ್ಲಿ ಹಿಡಿದು ಬಂದಿದ್ದರು. ಅದರ ಬಗ್ಗೆ ಎರಡೇ ಪ್ರಶ್ನೆ ಕೇಳಿ ಮುಂದೆ ಹೋದರು.

ಅಕ್ಟೋಬರ್‌ನಲ್ಲಿ ಮಾರಾಟ ಕೈಬಿಟ್ಟು ಬಾಡಿಗೆಗೆ ಇಳಿದೆವು. ಅಲ್ಲೂ ಅದೇ ರೋಗ. 2,600 ಕೇಳಿ ಒಂದು ತಿಂಗಳು ಖಾಲಿ ಇಟ್ಟೆವು. ಇಲ್ಲೇ ಕೂತಿರುವ ಸ್ನೇಹಿತರೊಬ್ಬರು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಬರೆದು ತೋರಿಸಿದರು: 200 ಇಳಿಸಿದರೆ ವರ್ಷಕ್ಕೆ ನಷ್ಟ 2,400, ಒಂದು ತಿಂಗಳು ಖಾಲಿ ಬಿದ್ದರೂ ಅಷ್ಟೇ. ಏಳು ಕಾಲಮ್ಮಿನ ಎಕ್ಸೆಲ್ ನಮಗೆ ಹೇಳದ್ದನ್ನು ಆ ಕರವಸ್ತ್ರ ಹೇಳಿತು.

ಬಾಡಿಗೆ ಜಾಹೀರಾತಿನಲ್ಲಿ 'ಕನ್ನಡ ಕುಟುಂಬಕ್ಕೆ, ಸಸ್ಯಾಹಾರಿಗಳಿಗೆ ಆದ್ಯತೆ' ಎಂದು ಬರೆದಿದ್ದೆವು. ಊರಲ್ಲಿ ಬೋರ್ಡು ಹಾಕಿದ ಹಾಗೆ! ಏಜೆಂಟ್ ಗಾಬರಿಯಾಗಿ ಅಳಿಸಿದರು. 1968ರ ಫೇರ್ ಹೌಸಿಂಗ್ ಕಾಯಿದೆಯ ಪ್ರಕಾರ ಜನಾಂಗ, ಮತ, ಮೂಲದೇಶ ನೋಡಿ ಬಾಡಿಗೆದಾರರನ್ನು ಆರಿಸುವಂತಿಲ್ಲ, ಅಂಥ ಒಲವನ್ನು ಜಾಹೀರಾತಿನಲ್ಲಿ ಸೂಚಿಸುವಂತೆಯೂ ಇಲ್ಲ. ಮಕ್ಕಳಿರುವವರು ಬೇಡ ಎನ್ನುವುದೂ 1988ರ ತಿದ್ದುಪಡಿಯಿಂದ ತಪ್ಪು. ಕಾನೂನಿಗಿಂತ ಚುಚ್ಚಿದ್ದು ಬೇರೆ. ನಾವು ಎಂ.ಎಸ್. ಓದುತ್ತಿದ್ದಾಗ ಒಬ್ಬ ಮಾಲೀಕ ಬಾಗಿಲಲ್ಲೇ ನಿಲ್ಲಿಸಿ, ನಿಮ್ಮ ಅಡಿಗೆಯ ವಾಸನೆ ಹೋಗುವುದಿಲ್ಲ ಎಂದು ಕಳಿಸಿದ್ದ. ಇಪ್ಪತ್ತು ವರ್ಷದ ನಂತರ ನಾವು ಆ ಬಾಗಿಲ ಒಳಗಡೆ ನಿಂತು ಅದನ್ನೇ ಬರೆದಿದ್ದೆವು. ಆದಾಯ, ಹಿಂದಿನ ಬಾಡಿಗೆ ದಾಖಲೆ, ಕ್ರೆಡಿಟ್ ಇಷ್ಟನ್ನೇ ಎಲ್ಲರಿಗೂ ಒಂದೇ ಅಳತೆಯಲ್ಲಿ ನೋಡಿದೆವು. ಡಿಸೆಂಬರ್‌ನಲ್ಲಿ 2,400ಕ್ಕೆ ಬಂದದ್ದು ಹೊಂಡುರಾಸ್ ಮೂಲದ ಕುಟುಂಬ. ಹದಿನೆಂಟು ತಿಂಗಳು ಒಂದನೇ ತಾರೀಖು ತಪ್ಪಲಿಲ್ಲ.

ಬಾಡಿಗೆಗೆ ಕೊಡುವ ಮುನ್ನ ತಿಳಿದಿರಬೇಕಾದವು ಕೆಲವಿವೆ. ಟೆಕ್ಸಸ್ಸಿನಲ್ಲಿ ಹೊಸಬರು ಬಂದ ಏಳು ದಿನದೊಳಗೆ ಬೀಗದ ಕೀಲಿ ಬದಲಿಸಬೇಕು. ಬಿಟ್ಟುಹೋದವರು ಹೊಸ ವಿಳಾಸ ಬರೆದುಕೊಟ್ಟ ಮೇಲೆ, ಮನೆ ಬಿಟ್ಟ 30 ದಿನದೊಳಗೆ ಅವರ ಮುಂಗಡ ಅಥವಾ ಅದರ ಕಡಿತದ ಲೆಕ್ಕ ಕೊಡಬೇಕು. ಮಾಲೀಕ ವಾಸವಿರುವ ಮನೆಯ ವಿಮೆ ನಡೆಯುವುದಿಲ್ಲ, ಬಾಡಿಗೆ ಮನೆಯ ವಿಮೆ ಬೇರೆ. ಹೋಮ್‌ಸ್ಟೆಡ್ ರಿಯಾಯಿತಿ ಹೋಗುತ್ತದೆ, ಅದರ ಜೊತೆ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 10ಕ್ಕಿಂತ ಏರಬಾರದೆಂಬ ರಕ್ಷಣೆಯೂ.

ಆದಾಯ ತೆರಿಗೆಯಲ್ಲಿ ಗಡಿಯಾರ ಒಂದಿದೆ. ಮಾರುವ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಆ ಮನೆ ನಿಮ್ಮದಾಗಿದ್ದು, ಅದರಲ್ಲಿ ನೀವೇ ವಾಸವಿದ್ದರೆ ಮಾತ್ರ ಲಾಭದಲ್ಲಿ 2,50,000, ದಂಪತಿಗಳಿಗೆ 5,00,000 ಡಾಲರ್ ವರೆಗೆ ತೆರಿಗೆ ಇಲ್ಲ. ನಾವು ಮನೆ ಬಿಟ್ಟದ್ದು 2023ರ ಜೂನ್. ಅಂದರೆ 2026ರ ಜೂನ್ ಒಳಗೆ ಮಾರಬೇಕಿತ್ತು. ಬಾಡಿಗೆ ಕಾಲದ ಸವಕಳಿಗೆ, ಅಂದರೆ ಡಿಪ್ರಿಸಿಯೇಷನ್ನಿಗೆ, ಈ ವಿನಾಯಿತಿ ಇಲ್ಲ. ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿದಾಗ ನಮ್ಮದು ಸುಮಾರು 13,000 ಆಯಿತು, ಅದಕ್ಕೆ ಗರಿಷ್ಠ ಶೇ. 25 ತೆರಿಗೆ. 'ನಾವು ಸವಕಳಿ ತೋರಿಸಲೇ ಇಲ್ಲ' ಎಂದರೂ ಬಿಡುವುದಿಲ್ಲ, ತೋರಿಸಬಹುದಾಗಿದ್ದ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇನ್ನೊಂದು, ವಾಸದ ಮನೆಯನ್ನು ನಷ್ಟಕ್ಕೆ ಮಾರಿದರೆ ಆ ನಷ್ಟ ತೆರಿಗೆಯಲ್ಲಿ ಕಳೆಯುವುದಿಲ್ಲ. 2022ರಲ್ಲಿ ಕೊಂಡವರು ಇಲ್ಲಿ ಕೆಲವರಿದ್ದೀರಿ. ಬಾಡಿಗೆಗೆ ಬಿಟ್ಟು ಆಮೇಲೆ ನಷ್ಟ ತೋರಿಸೋಣ ಎಂದರೂ, ನಷ್ಟದ ಲೆಕ್ಕ ಶುರುವಾಗುವುದು ಕೊಂಡ ಬೆಲೆ ಮತ್ತು ಬಾಡಿಗೆಗೆ ಬಿಟ್ಟ ದಿನದ ಬೆಲೆ ಇವುಗಳಲ್ಲಿ ಕಡಿಮೆಯದರಿಂದ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ನಾವು ಕೇಳಿದ್ದು ಆಮೇಲೆ.

2025ರ ಜೂನ್‌ನಲ್ಲಿ ಎರಡನೇ ಪ್ರಯತ್ನ. ಈ ಸಲ ಎಕ್ಸೆಲ್ ತೆರೆಯಲಿಲ್ಲ. ಹಿಂದಿನ ಮೂರು ತಿಂಗಳಲ್ಲಿ ಸುತ್ತಮುತ್ತ ನಿಜವಾಗಿ ಕ್ಲೋಸ್ ಆದ ಮನೆಗಳನ್ನು ಮಾತ್ರ ನೋಡಿದೆವು, ಕೇಳುತ್ತಿರುವ ಬೆಲೆಗಳನ್ನಲ್ಲ. 500 ಡಾಲರ್ ಕೊಟ್ಟು ನಾವೇ ಮೊದಲು ಇನ್‌ಸ್ಪೆಕ್ಷನ್ ಮಾಡಿಸಿದೆವು. ಅಡಿಗೆಮನೆಯ ಒಂದು ಕರೆಂಟ್ ಪ್ಲಗ್, ವಾಟರ್ ಹೀಟರಿನ ಕೆಳಗಿನ ತುಕ್ಕು ತಟ್ಟೆ, ಇಂಥ ಸಣ್ಣವು ಸಿಕ್ಕವು, ಸರಿಮಾಡಿಸಿದೆವು. ಗ್ರಾನೈಟ್, ಹೊಸ ಬಾತ್‌ರೂಮು ಯಾವುದಕ್ಕೂ ಕೈಹಾಕಲಿಲ್ಲ. 4,89,000ಕ್ಕೆ ಹಾಕಿದೆವು. 2024ರ ಆಗಸ್ಟ್‌ನಿಂದ ಕೊಳ್ಳುವವರ ಏಜೆಂಟರ ಕಮಿಷನ್ ಲಿಸ್ಟಿಂಗಿನಲ್ಲಿ ಬರೆಯುವಂತಿಲ್ಲ, ಕೊಳ್ಳುವವರು ಅವರೊಂದಿಗೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಯಾರು ಎಷ್ಟು ಕೊಡುವುದು ಎಂಬುದು ಚೌಕಾಶಿಯ ವಿಷಯ. ಹನ್ನೊಂದನೇ ದಿನ ಒಂದು ಯುವ ದಂಪತಿಯಿಂದ ಆಫರ್ ಬಂತು. ಬೆಲೆಯಲ್ಲಿ ಇನ್ನೂ 10,000 ಇಳಿಸಿದರೆ ಅವರ ಕಂತು ತಿಂಗಳಿಗೆ ಸುಮಾರು 50 ಡಾಲರ್ ಕಡಿಮೆಯಾಗುತ್ತಿತ್ತು. ಅದೇ ಹಣವನ್ನು ಅವರ ಸಾಲದ ಬಡ್ಡಿ ಇಳಿಸಲು ಕ್ಲೋಸಿಂಗಿನಲ್ಲಿ ಕೊಟ್ಟರೆ 150ರ ಆಸುಪಾಸು ಎಂದು ಅವರ ಬ್ಯಾಂಕಿನವರು ತೋರಿಸಿದರು. ಹಾಗೇ ಮಾಡಿದೆವು. 4,82,000ಕ್ಕೆ ಮುಗಿಯಿತು. ಅವಮಾನ ಎಂದು ಬಿಟ್ಟ 5,25,000 ನಿಮಗೆ ನೆನಪಿದೆಯಲ್ಲ? ನಮಗೂ ಇದೆ.

ಮಕ್ಕಳ ಕೋಣೆಯ ಬಾಗಿಲ ಚೌಕಟ್ಟಿನ ಪಟ್ಟಿಯ ಮೇಲೆ ಪ್ರತಿ ಯುಗಾದಿಗೆ ಅವರ ಎತ್ತರ ಗೆರೆ ಎಳೆದು ವರ್ಷ ಬರೆಯುತ್ತಿದ್ದೆವು. ಬಣ್ಣ ಹೊಡೆಯಲು ಬಂದವನು ಅದರ ಮುಂದೆ ಬ್ರಷ್ ಹಿಡಿದು ನಿಂತು ನಮ್ಮ ಮುಖ ನೋಡಿದ. ಪಟ್ಟಿಯನ್ನೇ ಕಿತ್ತು ಕೊಡು ಎಂದೆವು. ಹೊಸದಕ್ಕೆ 14 ಡಾಲರ್. ಹಳೆಯದು ಪ್ಲೇನೋದ ಗ್ಯಾರೇಜಿನಲ್ಲಿದೆ, ಕೊನೆಯ ಗೆರೆ 2023ರದು. ಮಗ ಮೊನ್ನೆ ಅದಕ್ಕೆ ಬೆನ್ನು ಕೊಟ್ಟು ನಿಂತ, ಅವನಕ್ಕ ಪೆನ್ಸಿಲ್ ಹುಡುಕಿದಳು.

ಊಟದ ಸಾಲು ಆಗಲೇ ಉದ್ದವಾಗುತ್ತಿದೆ. ಪ್ರಶ್ನೆಗಳಿದ್ದರೆ ಅಲ್ಲೇ ಕೇಳಿ. ಆ ಕರವಸ್ತ್ರದ ಸ್ನೇಹಿತರೂ ಸಾಲಿನಲ್ಲಿದ್ದಾರೆ.