ಮಸೆಗಲ್ಲಿನ ಮುಂದೆ

ಮಸೆಯುವುದೆಂದರೆ ಉಜ್ಜುವುದು ಎಂದೇ ನಾನು ಬಹುಕಾಲ ತಿಳಿದಿದ್ದೆ. ಆ ಅಜ್ಞಾನ ಕಳೆದದ್ದು ಶಿವಮೊಗ್ಗದ ಗೋಪಾಳದಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ, ನನ್ನ ನಲವತ್ತನೆಯ ವಯಸ್ಸಿನಲ್ಲಿ.

ತಂದೆಯವರು ಹಾಸಿಗೆ ಹಿಡಿದಿದ್ದರು. ಮೂವತ್ತು ವರ್ಷ ಅವರಿಗೆ ಕ್ಷೌರ ಮಾಡಿದ ವೃದ್ಧರ ಕೈ ಆಗ ನಡುಗತೊಡಗಿತ್ತು. ಬೇರೆಯವರನ್ನು ಕರೆಸೋಣವೆಂದರೆ ತಂದೆಯವರದು ಒಂದೇ ಹಟ: "ಅವನ ಕತ್ತಿಯೇ ಬೇಕು." ಕೊನೆಗೆ ವೃದ್ಧರು ತಮ್ಮ ಹಡಪವನ್ನು ನನ್ನ ಮುಂದಿಟ್ಟು, "ನಾನು ಹೇಳ್ತೀನಿ, ನೀವೇ ಕಲೀರಿ ಸ್ವಾಮಿ" ಎಂದರು. ಹಡಪವೆಂದರೆ ಎಲೆಯಡಿಕೆಯ ಚೀಲವೆಂದು ಹನ್ನೆರಡನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನ ಹೆಸರಿನಿಂದ ನಾವು ಬಲ್ಲೆವು. ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು.

ಒಂದು ಮಾತು ಮುಚ್ಚಿಡಬಾರದು. ತಂದೆಯವರು ಮಲಗಿದ ಮೇಲೆಯೇ ಆ ಹಿರಿಯರು ನಮ್ಮ ಹೊಸ್ತಿಲು ದಾಟಿದ್ದು. ಅದುವರೆಗೆ ಅವರಿಗೆ ಜಗಲಿಯೇ ಗತಿ. ಈಗ ಅದೇ ಜಗಲಿಯಲ್ಲಿ ನಾನು ಅವರ ಶಿಷ್ಯ.

ಕಲ್ಲಿಗೆ ನೀರು ಚಿಮುಕಿಸಿ, ಕತ್ತಿಯ ಬೆನ್ನು, ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿಡಬೇಕು. ಬೆನ್ನಿನ ದಪ್ಪವೇ ಓರೆಯನ್ನು ನಿರ್ಧರಿಸುತ್ತದೆ. ನಮ್ಮ ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ. ಬಾಯಿ ಮುಂದಾಗಿ ಸಾಗಬೇಕು; ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಮರಳಬೇಕು. ಬಾಯಿಯ ಮೇಲೆ ಹೊರಳಿಸಿದಿರೋ, ಮಾಡಿದ್ದೆಲ್ಲ ಹಾಳು. ಬಳಿಕ ಚರ್ಮದ ಪಟ್ಟಿಯ ಮೇಲೆ ಎಲ್ಲವೂ ತಿರುವುಮುರುವು: ಬೆನ್ನು ಮುಂದೆ, ಬಾಯಿ ಹಿಂದೆ. ಇದನ್ನು ಮರೆತು ಮೊದಲ ವಾರವೇ ನಾನು ಪಟ್ಟಿಯನ್ನು ಸೀಳಿದೆ. ಅವರು ನಗಲಿಲ್ಲ. "ಒತ್ತಬ್ಯಾಡಿ. ಅದರ ಭಾರ ಅದಕ್ಕೇ ಸಾಕು" ಎಂದರು. ಅವರು ನೋಡುತ್ತಿದ್ದುದಕ್ಕಿಂತ ಕೇಳುತ್ತಿದ್ದುದೇ ಹೆಚ್ಚು. ಕಲ್ಲಿನ ಸದ್ದು ಗರಗರ ಎನ್ನುವಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಸದ್ದು ನಯವಾದೊಡನೆ ಕಣ್ಣು ತೆರೆಯುತ್ತಿದ್ದರು.

"ಗಡ್ಡ ನೆನೆಯದೆ ಕತ್ತಿ ಇಟ್ಟರೆ ಕತ್ತಿಗೇ ನೋವು" ಎಂಬುದು ಅವರ ಇನ್ನೊಂದು ಮಾತು. ಮೃದುವಾದ ಕೂದಲು ಉಕ್ಕನ್ನು ನೋಯಿಸುವುದೆಂತು ಎಂದು ನನಗೆ ಅಚ್ಚರಿ. 2020ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು: ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ, ಬಾಗಿದ ಕೂದಲು ಅಂಚನ್ನು ಚೂರಾಗಿ ಕಿತ್ತೊಯ್ಯಬಲ್ಲದು.

ಎಚ್.ಐ.ವಿ.ಯ ಅರಿವು ಹರಡಿದ ಮೇಲೆ ಅಂಗಡಿಗಳಲ್ಲಿ ಒಬ್ಬೊಬ್ಬರಿಗೂ ಹೊಸ ಬ್ಲೇಡು ಬಂದಿತು. ಬರಬೇಕಾದದ್ದೇ. ಮಸೆಗಲ್ಲು ಮೂಲೆ ಸೇರಿತು.

ಮೂರನೆಯ ತಿಂಗಳಲ್ಲಿ, ನಾನೇ ಮಸೆದ ಕತ್ತಿಯಿಂದ ತಂದೆಯವರ ಕೆನ್ನೆಯನ್ನು ಮುಟ್ಟಿದೆ. ಅವರು ಕಣ್ಣು ತೆರೆಯದೆ, "ಅವನು ಬಂದನೇನು?" ಎಂದರು.

ಮಂಚದ ಪಕ್ಕದಲ್ಲಿ ಕೂತಿದ್ದ ವೃದ್ಧರು ನನ್ನತ್ತ ನೋಡಿ, ಸುಮ್ಮನಿರುವಂತೆ ಸನ್ನೆ ಮಾಡಿ, "ಬಂದಿದೀನಿ ಸ್ವಾಮಿ" ಎಂದರು.