ಘಟ್ಟದ ಮೇಲೊಂದು ಊಟ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಹೋಟೆಲಿನ ಮಾತನ್ನಾಡುವುದು ಸರಿಯೇ ಎಂದು ನಮ್ಮ ಕಾರ್ಯದರ್ಶಿಗಳು ಮೊದಲು ಅನುಮಾನಿಸಿದರು. ಅದರಲ್ಲೂ ಹಿಂದಿನ ಕೋಣೆಯಿಂದ ಸಾರಿನ ಒಗ್ಗರಣೆಯ ಪರಿಮಳ ಬರುತ್ತಿರುವಾಗ ಈ ವಿಷಯ ಭಾಷಣಕಾರನಿಗೆ ಅಪಾಯಕರವೇ ಸರಿ. ಆದರೆ ಪುಣೆ-ಮುಂಬಯಿಗಳ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವನು ಅಡಿಗೆಮನೆಯನ್ನು ಬಿಟ್ಟು ಬರೆಯಲಾರ. ಆ ಧೈರ್ಯದಿಂದಲೇ ನಿಂತಿದ್ದೇನೆ.

ಕಳೆದ ಮಳೆಗಾಲದಲ್ಲಿ ನನ್ನ ಮಗಳು, ತನ್ನ ಸಂಬಳದಲ್ಲಿ ಮನೆಮಂದಿಗೆಲ್ಲ ಲೋಣಾವಳಾದಲ್ಲಿ ಊಟ ಹಾಕಿಸುತ್ತೇನೆಂದು ಹೊರಡಿಸಿದಳು. ಜೊತೆಗೆ ನನ್ನ ಸೋದರಮಾವ. ಅವರಿಗೆ ಎಂಬತ್ತು ಹತ್ತಿರವಾಗುತ್ತ ಬಂದಿದೆ. ನಾವು ಹೋದದ್ದು ಖಾನಾವಳಿಯಲ್ಲ, ಉಡುಪಿ ಹೋಟೆಲೂ ಅಲ್ಲ. ನಮ್ಮ ದೇಶದ ಅಡಿಗೆಯನ್ನೇ ಹೊಸ ಬಗೆಯಲ್ಲಿ ಬಡಿಸುವ ಆಧುನಿಕ ಭೋಜನಗೃಹ. ಗಾಜಿನ ಗೋಡೆಯಾಚೆ ಕಣಿವೆಯ ಮಂಜು, ಒಳಗೆ ನಸುಬೆಳಕು. ತಿಂಡಿಗಳ ಪಟ್ಟಿ ಎಲ್ಲಿ ಎಂದರೆ, ಮೇಜಿಗೆ ಅಂಟಿಸಿದ ಒಂದು ಚೌಕದ ಗುರುತನ್ನು ತೋರಿಸಿದರು. ಫೋನನ್ನು ಅದರ ಮೇಲೆ ಹಿಡಿದರೆ ಪಟ್ಟಿ ತೆರೆದುಕೊಳ್ಳುತ್ತದೆ. ಮಗಳು ಓದುತ್ತ ಹೋದಳು: "ಗನ್‌ಪೌಡರ್ ಇಡ್ಲಿ."

ಮಾವ ಬೆಚ್ಚಿದರು. "ಕೋವಿ ಮದ್ದಾ? ನಾವು ತಿಂಬುಕೆ ಬಂದದ್ದಾ, ಬ್ಯಾಟಿಗೆ ಬಂದದ್ದಾ ಮಾರಾಯ?"

"ಅಜ್ಜಾ, ಅದು ಚಟ್ನಿಪುಡಿ!" ಎಂದು ಮಗಳು ನಕ್ಕಳು. ಹೆಬ್ಬೆರಳಿನಷ್ಟು ದಪ್ಪದ ಇಡ್ಲಿಗಳು ಕರಿಯ ಕಲ್ಲಿನ ಹಲಗೆಯ ಮೇಲೆ ಬಂದವು. ಸಾವಿರ ವರ್ಷಕ್ಕೂ ಹಿಂದೆ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂದು ಹೆಸರು ಪಡೆದ ತಿನಿಸು ಇದು. ಕನ್ನಡದ ಇಷ್ಟು ಹಳೆಯ ಆಸ್ತಿ, 'ಸೌತ್ ಇಂಡಿಯನ್' ಎಂಬ ತಲೆಬರಹದ ಕೆಳಗೆ, ಮದ್ದಿನಪುಡಿಯ ಜೊತೆ ಕುಳಿತಿತ್ತು. ಇನ್ನೊಂದು ಸಾಲಿನಲ್ಲಿ 'ಮಂಗಳೂರು ಘೀ ರೋಸ್ಟ್'. ಮಾವ ಕುಂದಾಪುರದ ಕಡೆಯವರು. ಕೋಳಿಯ ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದಲ್ಲಿ, ಮಂಗಳೂರಿನಲ್ಲಲ್ಲ ಎಂದು ಅವರು ಬಡಿಸುವವನಿಗೆ ಹಿಂದಿಯಲ್ಲಿ ವಿವರಿಸತೊಡಗಿದರು. ಆತ ಸೌಜನ್ಯದಿಂದ ತಲೆದೂಗಿ ನೀರು ತರಲು ಹೋದ.

ಹೆಸರಿನ ಈ ತಕರಾರಿನಲ್ಲಿ ಅನ್ಯರನ್ನು ದೂರುವಂತಿಲ್ಲ, ಮೊದಲು ಬಿಟ್ಟುಕೊಟ್ಟವರು ನಾವೇ. ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ'ಯನ್ನು ಅರಿಯದವರು ಈ ಸಭೆಯಲ್ಲಿರಲಾರರು. ಅದನ್ನು ಕಟ್ಟಿ ಬೆಳೆಸಿ 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯವರು. ಆ ಹೋಟೆಲಿಗೆ ಮೊದಲಿದ್ದ ಹೆಸರು 'ಮದ್ರಾಸ್ ಹೆಲ್ತ್ ಹೋಮ್'. ಮುಂಬಯಿಯ ಮಾಟುಂಗದಲ್ಲಿ ಕಾಮತರ 'ಕೆಫೆ ಮದ್ರಾಸ್' ಇಂದಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ. ಹಾಗೆಂದು ಅವರು ಸುಳ್ಳು ಬರೆಸಿದರೆನ್ನುವಂತಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಸೇರಿದ್ದೇ ಮದ್ರಾಸಿಗೆ. ಧಾರವಾಡ, ಬೆಳಗಾವಿ, ವಿಜಾಪುರದ ನಮ್ಮ ಬಂಧುಗಳು ಮುಂಬಯಿ ಸರಕಾರದ ಪ್ರಜೆಗಳು. ಗಲ್ಲೆಯ ಮೇಲೆ ಕುಳಿತ ಯಜಮಾನನಿಗೆ, ಗಿರಾಕಿಗೆ ತಿಳಿಯುವ ಹೆಸರು ಬೇಕಾಗಿತ್ತು. ಊರ ಹೆಸರನ್ನೇ ಬರೆಸಿದವರೂ ಇದ್ದರೆನ್ನಿ. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ತೆರೆದದ್ದು 'ಉಡುಪಿ ಶ್ರೀಕೃಷ್ಣ ಬೋರ್ಡಿಂಗ್'. ಬಾಳೆಯೆಲೆಯ ಊಟ ಅಲ್ಲಿ ಇಂದಿಗೂ ಸಿಗುತ್ತದೆ.

ಇಷ್ಟು ಹೇಳಿ, ಆ ಹೊಸ ಭೋಜನಗೃಹದ ಅಡಿಗೆಯನ್ನು ನಾನು ಹಳಿಯುತ್ತಿದ್ದೇನೆಂದು ತಾವು ಭಾವಿಸಬಾರದು. ಬೆಲೆ ಹೆಚ್ಚು, ತಟ್ಟೆ ದೊಡ್ಡದು, ತಟ್ಟೆಯಲ್ಲಿದ್ದದ್ದು ಕಡಿಮೆ, ಇದು ನಿಜ. ಆದರೆ ನೀರುದೋಸೆ ಬಂದಾಗ ಮಾವ ಒಂದು ತುಂಡು ಬಾಯಿಗಿಟ್ಟು ಸುಮ್ಮನಾದರು. ಆಮೇಲೆ, "ಅಕ್ಕಿ ಚೆನ್ನಾಗಿ ನೆನೆದಿದೆ. ನಯವಾಗಿ ರುಬ್ಬಿದ್ದಾನೆ. ಕೈ ಪಳಗಿದೆ" ಎಂದರು. ಅವರ ಬಾಯಿಂದ ಇಂಥ ಹೊಗಳಿಕೆ ನಮ್ಮ ಮನೆಯ ಹೆಂಗಸರಿಗೂ ಸಿಕ್ಕಿದ್ದಿಲ್ಲ.

ಅಲ್ಲಿ ಅಡಿಗೆಮನೆಗೂ ಊಟದ ಮನೆಗೂ ನಡುವೆ ಗಾಜು ಮಾತ್ರ. ಮಾವ ಎದ್ದು ಹೋಗಿ, ಕಾವಲಿಯ ಮುಂದಿದ್ದ ಹುಡುಗನನ್ನು ಮಾತನಾಡಿಸಿದರು. ಊರವನಿರಬಹುದೆಂದು ಅವರ ಆಸೆ. ಆತ ಒಡಿಶಾದ ಗಂಜಾಂ ಜಿಲ್ಲೆಯವನು. ಹದಿನೇಳಕ್ಕೆ ಮನೆ ಬಿಟ್ಟವನು, ಈಗ ಇಪ್ಪತ್ತಮೂರು. ನೀರುದೋಸೆ ಕಲಿತದ್ದು ಪುಣೆಯಲ್ಲಿ ಒಬ್ಬ 'ಶೆಟ್ಟಿ ಸೇಠ್' ಬಳಿಯಂತೆ.

ಮಾವ ಕೇಳಿದ ಎರಡನೆಯ ಪ್ರಶ್ನೆ ಅಡಿಗೆಯದಲ್ಲ. "ರಾತ್ರಿ ಮಲಗುವುದೆಲ್ಲಿ?"

ಹಿಂದುಗಡೆ ಒಂದು ಕೋಣೆ, ಏಳು ಜನ. ಓದು ಬರಹ? ಒಡಿಯಾ ಓದುತ್ತಾನೆ, ಹಿಂದಿ ಅಷ್ಟಿಷ್ಟು. ಅಲ್ಲಿಯ ಚೀಟಿಗಳೆಲ್ಲ ಇಂಗ್ಲಿಷಿನವು. ಅಕ್ಷರಗಳನ್ನು ಓದದೆ, ತಿಂಡಿಯ ಮುಂದಿನ ಅಂಕೆಯನ್ನು ನೋಡಿ ಕೆಲಸ ಸಾಗಿಸುತ್ತಾನೆ: ಹದಿನಾಲ್ಕೆಂದರೆ ನೀರುದೋಸೆ.

ಮಾವ ಆ ದಿನ ಮತ್ತೆ ಹೆಚ್ಚು ಮಾತನಾಡಲಿಲ್ಲ. ಹಿಂತಿರುಗುವಾಗ ಲೋಣಾವಳಾದ ರೈಲು ನಿಲ್ದಾಣದ ಬಳಿ ಕಾರು ನಿಲ್ಲಿಸಲು ಹೇಳಿದರು. ಅಲ್ಲಿ ಕುಳಿತು ಹೇಳಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

1958ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಅವರು ಈ ನಿಲ್ದಾಣವನ್ನು ದಾಟಿದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಆಗ ನಮ್ಮವರಿಗೆ ಹಡಗಿನ ದಾರಿ, ಇಲ್ಲವೇ ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಪುಣೆ, ಪುಣೆಯಿಂದ ಮುಂಬಯಿ. ಕರೆದೊಯ್ಯುತ್ತಿದ್ದ ಊರಿನವರೊಬ್ಬರು ಇಲ್ಲಿ ಒಂದು ತುಂಡು ಚಿಕ್ಕಿ ಕೊಡಿಸಿದರು. ಎದುರಿನ ಹಳಿಯಲ್ಲಿ ಕರ್ಜತದಿಂದ ಹತ್ತಿ ಬಂದ ಗಾಡಿ ನಿಂತಿತ್ತು, ಅದನ್ನು ಹಿಂದಿನಿಂದ ನೂಕಿ ಘಟ್ಟ ಹತ್ತಿಸಿದ ಇಂಜಿನನ್ನು ಬಿಚ್ಚುತ್ತಿದ್ದರು. 1863ರಲ್ಲಿ ಭೋರ್ ಘಾಟಿನ ಈ ಹಳಿ ತೆರೆದಂದಿನಿಂದ ಮುಂಬಯಿಗೂ ದಖ್ಖನಿಗೂ ನಡುವಿನ ಗಾಡಿಗಳು ಈ ಏರನ್ನು ಹತ್ತುತ್ತಲೇ ಇವೆ. ಹುಡುಗ ಚಿಕ್ಕಿ ಚೀಪುತ್ತ ನೋಡಿದ. ಊರುಬಿಟ್ಟ ಮೇಲೆ ಅಳು ನಿಂತದ್ದು ಆಗಲೇ ಅಂತೆ.

ಮುಂಬಯಿಯ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಕಪ್ಪುಬಶಿ ತೊಳೆಯುವ ಕೆಲಸ. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿಕೊಂಡು ಅದರ ಮೇಲೆ ನಿದ್ದೆ. ಹೆಸರು ಹಿಡಿದು ಕರೆದವರಿಲ್ಲ; 'ಏ ಮಾಣಿ' ಎಂದರೆ ನಾಲ್ವರು ತಿರುಗಿ ನೋಡುತ್ತಿದ್ದರು. ಅಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬಂದ ಮಾಸ್ತರರು, ಸೋಡಾಪುಡಿಯಿಂದ ಬೆರಳ ಸಂದು ಬಿರಿದ ಹುಡುಗರು. ಪಾಠದ ನಡುವೆ ತೂಗಿದರೆ ಮಾಸ್ತರರು ಬಯ್ಯುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಎಬ್ಬಿಸುತ್ತಿದ್ದರು. ಶಾಲೆಗೆ ಹೋದ ಹೊತ್ತಿನ ಸಂಬಳವನ್ನು ಮಾವನ ಯಜಮಾನರು ಹಿಡಿದುಕೊಂಡರು. ಹುಡುಗರಿಗೆ ಪುಸ್ತಕ, ಪರೀಕ್ಷೆಯ ಹಣ ಕೊಟ್ಟ ಯಜಮಾನರೂ ಅದೇ ಬೀದಿಯಲ್ಲಿದ್ದರು. ಇಪ್ಪತ್ತೊಂದನೆಯ ವಯಸ್ಸಿಗೆ ಮಾವ ಎಸ್.ಎಸ್.ಸಿ. ಪಾಸಾದರು, ಬ್ಯಾಂಕು ಸೇರಿದರು. ನನ್ನನ್ನು ಓದಿಸಿದ್ದು ಆ ಸಂಬಳ.

ಎಳೆಯ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಕಾನೂನು ನಿಷೇಧಿಸಿದೆ. ಬಹಳ ಒಳ್ಳೆಯದಾಯಿತು. ಈಗ ಬರುವವರು ಪ್ರಾಯಕ್ಕೆ ಬಂದವರು, ಅಥವಾ ಹಾಗೆಂದು ಹೇಳಿಕೊಂಡವರು. ನಮ್ಮ ಕರಾವಳಿಯ ಹುಡುಗರು ಓದಿ ಬೇರೆ ಕೆಲಸ ಹಿಡಿದರು. ಅವರು ತೆರವು ಮಾಡಿದ ಕಾವಲಿಯ ಮುಂದೆ ಒಡಿಶಾ, ಅಸ್ಸಾಮು, ನೇಪಾಳಗಳ ಹುಡುಗರು ನಿಂತಿದ್ದಾರೆ. ನಮ್ಮ ತಿಂಡಿಯ ಹದ ಇಂದು ಉಳಿದಿರುವುದು ಅವರ ಕೈಯಲ್ಲಿ. ನಮ್ಮ ಮನೆಗಳಲ್ಲಿ ನೀರುದೋಸೆ ಹುಯ್ಯಬಲ್ಲವರು ಎಷ್ಟು ಮಂದಿ ಎಂದು ಈ ಸಭೆಯಲ್ಲಿ ಕೈಯೆತ್ತಿಸಿ ನೋಡಲು ನನಗೆ ಧೈರ್ಯವಿಲ್ಲ.

ಮಾವ ಕಾರಿನಲ್ಲಿ ಕೇಳಿದರು: "ನಿಮ್ಮ ಸಂಘದ ಸಭಾಂಗಣ ವಾರದಲ್ಲಿ ಎಷ್ಟು ರಾತ್ರಿ ತೆರೆದಿರುತ್ತದೆ?" ಹಬ್ಬ, ನಾಟಕ, ವಾರ್ಷಿಕ ಸಭೆ ಎಂದೆ. "ಆ ಬೀದಿಯಲ್ಲಿ ಹೋಟೆಲು ಎಷ್ಟಿವೆ?" ನಾನು ಎಣಿಸಿ ನೋಡಿದವನಲ್ಲ. ಮರುದಿನ ಎಣಿಸಿದೆ: ಒಂಬತ್ತು.

ಒಡಿಯಾ ಹುಡುಗರಿಗೆ ಇಂಗ್ಲಿಷು, ಲೆಕ್ಕ, ಬ್ಯಾಂಕಿನ ಕಾಗದ ತುಂಬುವುದನ್ನು ಕಲಿಸುವುದು ಕನ್ನಡ ಸಂಘದ ಕೆಲಸವೇ ಎಂದು ತಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ. ನಾನೂ ಮಾವನನ್ನು ಅದನ್ನೇ ಕೇಳಿದೆ. "ನಾನು ರಾತ್ರಿಶಾಲೆಗೆ ಹೋದಾಗ ಹೊಟ್ಟೆಗೆ ಹಾಕಿದ ಊರು ಮರಾಠಿಯದು" ಎಂದರು. ಇದು ಪೂರ್ತಿ ಉತ್ತರವಲ್ಲವೆಂದು ಬಲ್ಲೆ. ಸಂಘದ ಹಣಕಾಸು ನನಗೆ ಗೊತ್ತಿದೆ, ನಮ್ಮ ಮಕ್ಕಳ ಕನ್ನಡ ತರಗತಿಗೇ ಶಿಕ್ಷಕರು ಸಿಗುತ್ತಿಲ್ಲವೆಂಬುದೂ ಗೊತ್ತಿದೆ. ಮಾವ ಕೇಳುತ್ತಿರುವುದು ಹಣವನ್ನಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲುಗಳಲ್ಲಿ ಕೆಲಸ ಸಡಿಲ; ಆ ಎರಡು ಗಂಟೆ, ವಾರಕ್ಕೆರಡು ದಿನ, ಸಭಾಂಗಣದ ಕೀಲಿಕೈ ಬೇಕು. ಪಾಠವನ್ನು ತಾವೇ ಹೇಳುತ್ತಾರಂತೆ. ಕರಿಹಲಗೆ ಈಗಾಗಲೇ ಕೊಂಡಿದ್ದಾರೆ. ಅದು ನಮ್ಮ ಮನೆಯ ನಡುಮನೆಯಲ್ಲಿ ಜಾಗ ಹಿಡಿದು ನಿಂತಿದೆ.

ಕೀಲಿಕೈ ಕಾರ್ಯದರ್ಶಿಗಳ ಬಳಿ ಇದೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಮಾವ ಅವರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಾರೆ. ನನ್ನ ಮಾತು ಮುಗಿಯಿತು. ಎಲೆ ಹಾಕಿದ್ದಾರೆಂದು ಒಳಗಿನಿಂದ ಸನ್ನೆ ಬಂದಿದೆ.