ಒಳ್ಳೆಯ ಬ್ಯಾಕ್ಟೀರಿಯಾ ಔಷಧಿಯಾಗುವುದೇ?
(ವಡ್ಡೆಪಲ್ಲಿಯಲ್ಲಿ ಪಾಲಕರ ಮುಂದೆ ಮಾಡಿದ ಭಾಷಣ)



ಮಗುವಿಗೆ ನೆಗಡಿಯಾದರೆ ಮೆಡಿಕಲ್ ಷಾಪಿಗೆ ಹೋಗಿ "ಪವರ್ ಇರುವ ಗುಳಿಗೆ ಕೊಡಿ" ಎನ್ನುವ ರೂಢಿ ನಮ್ಮಲ್ಲಿದೆ. ಎಷ್ಟೋ ಸಲ ಹಾಗೆ ತಂದದ್ದು ಆಂಟಿಬಯೋಟಿಕ್ ಆಗಿರುತ್ತದೆ. ನೆಗಡಿ ಬರುವುದು ವೈರಸ್ಸಿನಿಂದ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ನೆಗಡಿಗೆ ಅದರಿಂದ ಏನೂ ಆಗದು. ಆದರೆ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಉಳಿದವುಗಳಲ್ಲಿ ಕೆಲವು ಆ ಔಷಧಿಗೆ ಬಗ್ಗದ ಜಾತಿಯಾಗಿ ಬೆಳೆಯುತ್ತವೆ. ಹತ್ತಿಗೆ ಒಂದೇ ಎಣ್ಣೆ ಹೊಡೆದು ಹೊಡೆದು ಹುಳ ಬಗ್ಗದಂತಾದದ್ದನ್ನು ನೀವು ಕಂಡವರೇ. ಇದೂ ಹಾಗೆಯೇ.

ಬೇರೆ ದಾರಿ ಇಲ್ಲವೇ? ಹುಡುಕುತ್ತಿದ್ದಾರೆ. ಮೊದಲನೆಯ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಸುತ್ತಲಿನ ಸೈನಿಕರು ಭೇದಿಯಿಂದ ನರಳುತ್ತಿದ್ದಾಗ ಒಬ್ಬ ಸೈನಿಕ ಮಾತ್ರ ಗಟ್ಟಿಮುಟ್ಟಾಗಿದ್ದ. ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಅವನ ಕರುಳಿನಿಂದ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಒಳ್ಳೆಯ ತಳಿಯನ್ನು ತೆಗೆದ. ನೂರು ವರ್ಷದ ಮೇಲೆ, 2017ರಲ್ಲಿ, ಸಿಂಗಪುರದ ವಿಜ್ಞಾನಿಗಳು ಅದೇ ತಳಿಯ ವಂಶವಾಹಿಗಳನ್ನು ತಿದ್ದಿದರು. ಸ್ಯೂಡೋಮೊನಾಸ್ ಎಂಬ ರೋಗಾಣುವಿನ ಸುಳಿವು ಸಿಕ್ಕೊಡನೆ ಅದು ತನ್ನ ಮೈಯನ್ನೇ ಒಡೆದುಕೊಂಡು, ಆ ರೋಗಾಣುವಿಗೆ ಮಾರಕವಾದ ವಿಷವನ್ನು ಹೊರಬಿಡುತ್ತದೆ. ಇಲಿಗಳಲ್ಲಿ ಫಲ ಕಂಡಿತು. ಮನುಷ್ಯರಿಗೆ ಕೊಡುವ ಔಷಧಿಯಾಗಿ ಇನ್ನೂ ಬಂದಿಲ್ಲ, ಷಾಪಿನಲ್ಲಿ ಕೇಳಬೇಡಿ.

ನಮ್ಮ ದೇಶದ್ದೇ ಒಂದು ಮಾತು ಹೇಳುತ್ತೇನೆ. ಒಡಿಶಾದ ಹಳ್ಳಿಗಳಲ್ಲಿ ಸುಮಾರು 4,500 ನವಜಾತ ಶಿಶುಗಳ ಮೇಲೆ ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ವರದಿ 2017ರಲ್ಲಿ ಬಂತು. ಅರ್ಧದಷ್ಟು ಶಿಶುಗಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕುಡಿಸಿದರು. ತಿದ್ದಿದ್ದಲ್ಲ, ನಮ್ಮ ಮೊಸರಿನ ಹೆಪ್ಪಿನ ಬಳಗದ್ದೇ. ಕೊಡದವರಲ್ಲಿ ನೂರಕ್ಕೆ 9 ಶಿಶುಗಳು ನಂಜಿಗೆ ಅಥವಾ ಸಾವಿಗೆ ತುತ್ತಾದರೆ, ಕೊಟ್ಟವರಲ್ಲಿ 5.4. ಇದನ್ನು ಕೇಳಿ ಹಸುಗೂಸಿನ ಬಾಯಿಗೆ ಮೊಸರು ಹಾಕೀರಿ, ಜೋಕೆ! ಅದಕ್ಕೆ ತಾಯಿಯ ಹಾಲೊಂದೇ.

ಅಲಂಪುರ, ಗದ್ವಾಲ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಮನೆಮಾತು ಉಳಿಯಿತು. ಆದರೆ ಗುಳಿಗೆಯ ಪಟ್ಟಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆ. ಓದಲು ಬಾರದಿದ್ದರೂ ಅಲ್ಲಿ ಕೆಂಪು ಗೆರೆ ಎಳೆದಿದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದೆಂದು ತಿಳಿಯಿರಿ. ವೈದ್ಯರು ಬರೆದುಕೊಟ್ಟಿದ್ದರೆ ಎಷ್ಟು ದಿನ ಎಂದಿದ್ದಾರೋ ಅಷ್ಟು ದಿನ ಕೊಡಿ. ಉಳಿದದ್ದನ್ನು ತಮ್ಮನಿಗೋ ತಂಗಿಗೋ ಎತ್ತಿಡಬೇಡಿ. ತಿಳಿಯದಿದ್ದರೆ "ಕನ್ನಡದಲ್ಲಿ ಹೇಳಿ" ಎಂದು ಕೇಳಲು ಸಂಕೋಚ ಬೇಡ. ಇವತ್ತು ಮನೆಗೆ ಹೋದ ಮೇಲೆ ಔಷಧಿ ಡಬ್ಬಿ ತೆರೆದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದರ ಮೇಲೆ ಆ ಗೆರೆಯಿದೆ ನೋಡಿ.